ಕಯಾಕ್‌ನಲ್ಲಿ ಗೇದರ್ (ಟ್ಯೂನಾ) ಬೇಟೆ: ಮೀನು ಕಣ್ಣಿಗೆ ಕಂಡ ಮೇಲೆ ದಾರ ಕತ್ತರಿಸಿದ್ದು ತಪ್ಪೇ?

ಮೂಡಗಾಳಿ (ಮಸ್ಕತ್)

ಶುಕ್ರವಾರದಿಂದ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ. ಇಲ್ಲಿ ಗಾಳ ಹಿಡಿದವರೂ ಕಡಲು ಕಂಡವರೂ ಬಹಳ ಮಂದಿ ಇದ್ದೀರಿ. ನೀವೇ ತೀರ್ಮಾನ ಹೇಳಿ.

ನಾನು ಆರು ವರ್ಷದಿಂದ ಮಸ್ಕತ್‌ನಲ್ಲಿದ್ದೇನೆ, ಊರು ಕುಂದಾಪುರದ ಕಡೆ. ಮೂರು ವರ್ಷದಿಂದ ಪೆಡಲ್ ಕಯಾಕ್‌ನಲ್ಲಿ, ಅಂದರೆ ಕಾಲಿನಿಂದ ತುಳಿದು ನಡೆಸುವ ಸಣ್ಣ ದೋಣಿಯಲ್ಲಿ, ಮೀನು ಹಿಡಿಯುವ ಹುಚ್ಚು. ಈ ಊರಿನ ಭಾಗ್ಯವೆಂದರೆ ಆಳದ ನೀರು ದಡಕ್ಕೆ ಹತ್ತಿರ. ನಮ್ಮ ಮಲ್ಪೆಯಲ್ಲಾದರೆ ಐವತ್ತು ಮೀಟರ್ ಆಳ ಸಿಗಬೇಕಾದರೆ ಯಂತ್ರದ ದೋಣಿಯಲ್ಲಿ ಗಂಟೆಗಟ್ಟಲೆ ಹೋಗಬೇಕು. ಇಲ್ಲಿ ಯಿತಿ, ಕಂತಬ್ ಕಡೆ ಕಲ್ಲುಗುಡ್ಡಗಳು ನೇರ ಕಡಲಿಗೆ ಇಳಿದಿವೆ. ಕಾಲಿನಿಂದ ತುಳಿದುಕೊಂಡೇ ಅಷ್ಟು ಆಳ ತಲುಪಬಹುದು. ಅದಕ್ಕೇ ದೊಡ್ಡ ಮೀನು ಬಡಪಾಯಿ ಕಯಾಕ್‌ನವನ ಗಾಳಕ್ಕೂ ಬೀಳುತ್ತದೆ.

ಮೊನ್ನೆ ಬೆಳಗಿನ ನಾಲ್ಕಕ್ಕೆ ಎದ್ದೆ. ಜೊತೆಗೆ ಬರಬೇಕಿದ್ದ ಗೆಳೆಯನ ಮಗುವಿಗೆ ರಾತ್ರಿ ಜ್ವರ ಬಂತು, ಅವನು ಬರಲಿಲ್ಲ. ಒಬ್ಬನೇ ಹೊರಟೆ. (ಬೈಯುವವರು ಇಲ್ಲಿಂದಲೇ ಶುರುಮಾಡಬಹುದು.) ಆರಕ್ಕೆ ಮುಂಚೆ ಯಿತಿಯಿಂದ ನೀರಿಗೆ ಇಳಿದೆ. ಕಡಲು ಎಣ್ಣೆ ಸುರಿದಂತೆ ನುಣ್ಣಗಿತ್ತು. ಸೂರ್ಯ ಕಡಲಿಗೆ ಇಳಿಯುವುದನ್ನು ನೋಡಿ ಬೆಳೆದವನು ನಾನು. ಇಲ್ಲಿ ಅವನು ಕಡಲಿನಿಂದ ಎದ್ದು ಬರುವುದು ಆರು ವರ್ಷವಾದರೂ ತಲೆಕೆಳಗಾದಂತೆಯೇ ಕಾಣುತ್ತದೆ.

ಸಣ್ಣ ಗಾಳಗಳ ಸರಕ್ಕೆ ನಾಲ್ಕು ಜೀವಂತ ಮರಿ ಬಂಗುಡೆ ಸಿಕ್ಕವು. ಎರಡನ್ನು ಗಾಳಕ್ಕೆ ಸಿಕ್ಕಿಸಿ ಹಿಂದೆ ಬಿಟ್ಟು, ಆಮೆಯ ವೇಗದಲ್ಲಿ ತುಳಿಯುತ್ತಾ ಹೋದೆ. ಎಂಟರ ಸುಮಾರಿಗೆ ಡಾಲ್ಫಿನ್ ಹಿಂಡು ಬಂತು, ಮೇಲಕ್ಕೆ ಹಾರಿ ಬುಗುರಿಯ ಹಾಗೆ ಗಿರಕಿ ಹೊಡೆಯುತ್ತವಲ್ಲ, ಅವೇ. ಇಲ್ಲಿನ ಮೀನುಗಾರರು ಅವನ್ನು ಕಂಡರೆ ದೋಣಿ ಅತ್ತ ತಿರುಗಿಸುತ್ತಾರೆ, ಏಕೆಂದರೆ ಅವುಗಳ ಕೆಳಗೆ ಹಳದಿ ರೆಕ್ಕೆಯ ಟ್ಯೂನಾ, ಅಂದರೆ ನಮ್ಮ ಗೇದರಿನ ದೊಡ್ಡಣ್ಣ, ಓಡಾಡುತ್ತಿರುತ್ತದೆ.

8:10ಕ್ಕೆ ಬಲಗಡೆಯ ಗಾಳದ ರಾಡು ಬಿಲ್ಲಾಯಿತು. ಮುನ್ನೂರು ಮೀಟರ್ ದಾರದಲ್ಲಿ ಇನ್ನೂರು ಮೀಟರ್ ನಾನು ಇನ್ನೊಂದು ರಾಡನ್ನು ಎತ್ತಿಡುವುದರೊಳಗೆ ಹೋಗಿತ್ತು. ಆಮೇಲೆ ಕಯಾಕ್ ತಾನೇ ಹೊರಟಿತು. ಗಾಡಿಯಲ್ಲಿ ನಾನು, ಮೂಗುದಾರ ನನ್ನ ಕೈಯಲ್ಲಿ, ಆದರೆ ದಾರಿ ಮಾತ್ರ ಎತ್ತಿನದು. ಒಂದು ಗಂಟೆ ಹೊರಗಡಲಿಗೆ ಎಳೆಯಿತು. ಆಮೇಲೆ ನೇರ ಕೆಳಗೆ ಇಳಿದು ಕೂತಿತು. ಹತ್ತು ಮೀಟರ್ ಎತ್ತಿದರೆ ಎಂಟು ಮೀಟರ್ ವಾಪಸು ಕೇಳುತ್ತಿತ್ತು.

9:40ಕ್ಕೆ ವಾಯವ್ಯದಿಂದ ಗಾಳಿ ಶುರುವಾಯಿತು. ಹತ್ತಕ್ಕೆ ಅಲೆಗಳ ತಲೆ ಬೆಳ್ಳಗಾಗತೊಡಗಿತು. ಜಿಪಿಎಸ್ ನೋಡಿದರೆ ದಡ 7.4 ಕಿಲೋಮೀಟರ್ ದೂರ. ಅಷ್ಟರಲ್ಲಿ ಮೀನು ಸುತ್ತು ಹಾಕುತ್ತಾ ಮೇಲೆ ಬರತೊಡಗಿತು. ಟ್ಯೂನಾ ಸುತ್ತಲು ಶುರುಮಾಡಿತೆಂದರೆ ಸೋಲುತ್ತಿದೆ ಎಂದೇ ಅರ್ಥ. ಹದಿನೈದು ಮೀಟರ್ ಕೆಳಗೆ ಕಂಡೇಬಿಟ್ಟಿತು. ಕುಡುಗೋಲಿನಂತೆ ಬಾಗಿದ ಹಳದಿ ರೆಕ್ಕೆಗಳು, ಹಂಡೆಯಂಥ ಮೈ. ನಲವತ್ತೈದು, ಐವತ್ತು ಕಿಲೋ ಇತ್ತೇನೋ.

ಆಗಲೇ ಇಬ್ಬರು ಒಮಾನಿ ಮೀನುಗಾರರ ಫೈಬರ್ ದೋಣಿ ಹತ್ತಿರ ಬಂತು. ಅದರಲ್ಲಿದ್ದ ಮುದುಕ ನನ್ನ ಮೀನನ್ನು ನೋಡಲೇ ಇಲ್ಲ. ಗುಡ್ಡದ ಮೇಲೆ ಏಳುತ್ತಿದ್ದ ಧೂಳಿನ ಕಡೆ ಕೈ ತೋರಿಸಿ, "ಖಲಾಸ್, ಖಲಾಸ್" ಎಂದ. ಆ ಮಾತು ಕುಂದಾಪುರದವನಿಗೆ ಅನುವಾದ ಮಾಡಿ ಹೇಳಬೇಕಾಗಿಲ್ಲ. ಚಾಕು ಒರೆಯಲ್ಲಿ ಸ್ವಲ್ಪ ತುಕ್ಕು ಹಿಡಿದು ಕೂತಿತ್ತು, ಎರಡು ಮೂರು ಸಲ ಎಳೆದ ಮೇಲೆ ಬಂತು. 10:25ಕ್ಕೆ ದಾರ ಕತ್ತರಿಸಿದೆ.

ಅರ್ಧ ದಾರಿಯವರೆಗೆ ಆ ದೋಣಿ ಪಕ್ಕದಲ್ಲೇ ಬಂತು. ದಡ ಮುಟ್ಟಿದಾಗ ಒಂದೂವರೆ. ಸಂಜೆ ಗೆಳೆಯರೆಲ್ಲ ನಕ್ಕರು: "ಇನ್ನು ಹತ್ತು ನಿಮಿಷ ತಡೆದಿದ್ದರೆ ಮೀನು ನಿನ್ನದಾಗುತ್ತಿತ್ತು." ಹೌದೇ?

ಬೂತಾಯಿಪ್ರಿಯ (ಮಂಗಳೂರು)

ಐವತ್ತು ಕಿಲೋ ಗೇದರ್! ಓದುತ್ತಾ ನನ್ನ ಕೈಯೇ ನಡುಗಿತು ಮಾರಾಯರೇ.

ಉಕ್ಕಿನಗಾಳ (ದುಬೈ)

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಪ್ಪು ಮಾಡಿದಿರಿ. ಪಕ್ಕದಲ್ಲಿ ದೋಣಿ ಇತ್ತು, ಅದರಲ್ಲಿ ಇಬ್ಬರಿದ್ದರು, ಅವರ ಬಳಿ ಕೊಕ್ಕೆಯೂ ಇದ್ದಿರಲೇಬೇಕು. ರಾಡನ್ನು ಅವರ ಕೈಗೆ ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಅದೂ ಬೇಡವೆಂದರೆ ರಾಡಿಗೆ ಒಂದು ತೇಲುಬುರುಡೆ ಕಟ್ಟಿ ನೀರಿಗೆ ಬಿಡಬಹುದಿತ್ತು. ಎರಡು ಗಂಟೆ ಸೆಣಸಿ ಕೊನೆಗೆ ಚಾಕು ತೆಗೆಯುವುದೆಂದರೆ ಮದುವೆ ಮನೆಯವರೆಗೆ ಹೋಗಿ ಊಟ ಮಾಡದೆ ಬಂದಂತೆ.

ಇನ್ನೊಂದು: ಎರಡು ಗಂಟೆ ಹಿಡಿಯಬಾರದಿತ್ತು. ನಿಮ್ಮ ಡ್ರ್ಯಾಗ್ (ರೀಲಿನ ಬ್ರೇಕು) ಎಷ್ಟು ಇಟ್ಟಿದ್ದಿರಿ? ಹಗುರವಾಗಿ ಇಟ್ಟುಕೊಂಡು ಮೀನನ್ನು ಮೆರವಣಿಗೆ ಮಾಡಿಸಿದ್ದೀರಿ ಅನಿಸುತ್ತದೆ.

ಕೋನಾ ಕನ್ನಡಿಗ (ಹವಾಯಿ)

ನಾನು ಇಲ್ಲಿ ಹತ್ತು ವರ್ಷದಿಂದ ಕಯಾಕ್‌ನಲ್ಲಿ ಹೋಗುವವನು. ಕತ್ತರಿಸಿದ್ದು ಸರಿ, ಇನ್ನೂ ಮೊದಲೇ ಕತ್ತರಿಸಬೇಕಿತ್ತು. ಗಾಳಿಯ ಮಾತು ಬೇರೆಯವರು ಹೇಳಲಿ, ನಾನು ಶಾರ್ಕಿನ ಮಾತು ಹೇಳುತ್ತೇನೆ.

ಎರಡು ಗಂಟೆ ಒದ್ದಾಡುವ ಟ್ಯೂನಾ ಎಂದರೆ ಇಡೀ ನೆರೆಹೊರೆಗೆ ಊಟದ ಗಂಟೆ ಬಾರಿಸಿದ ಹಾಗೆ. 2013ರ ಡಿಸೆಂಬರಿನಲ್ಲಿ ಮಾವಿ ದ್ವೀಪದ ಮಕೇನಾ ಬಳಿ ಕಯಾಕ್‌ನಲ್ಲಿ ಮೀನು ಹಿಡಿಯುತ್ತಿದ್ದವರೊಬ್ಬರು ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದಾಗ ಶಾರ್ಕ್ ಕಚ್ಚಿ ತೀರಿಕೊಂಡರು. 2023ರ ಮೇ ತಿಂಗಳಲ್ಲಿ ಒಆಹು ದ್ವೀಪದ ಹತ್ತಿರ ಹುಲಿ ಶಾರ್ಕೊಂದು ಕಯಾಕ್‌ನ ಪಕ್ಕಕ್ಕೇ ಬಾಯಿ ಹಾಕಿತು. ಆ ಮನುಷ್ಯನ ಕ್ಯಾಮೆರಾದಲ್ಲಿ ಅದು ಸೆರೆಯಾಗಿ ಜಗತ್ತೆಲ್ಲ ನೋಡಿತು, ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ. ಇಂಥದ್ದು ಅಪರೂಪ, ಒಪ್ಪುತ್ತೇನೆ. ಆದರೆ ಮೀನನ್ನು ಕೊಕ್ಕೆಯಲ್ಲಿ ಎತ್ತಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿಯಬೇಕು. ಆ ಅಲೆಯಲ್ಲಿ, ಐವತ್ತು ಕಿಲೋ ಮೀನು ತೊಡೆಯ ಮೇಲೆ ಬಡಿದುಕೊಳ್ಳುತ್ತಿರುವಾಗ, ಸುತ್ತಲಿನ ನೀರೆಲ್ಲ ರಕ್ತವಾದಾಗ, ಒಂದೇ ಒಂದು ಸಲ ಮಗುಚಿದರೆ? "ಹತ್ತು ನಿಮಿಷ" ಎಂದವರು ಆ ಹತ್ತು ನಿಮಿಷದ ನಂತರದ ಮೂರು ಗಂಟೆಯನ್ನು ಲೆಕ್ಕ ಹಿಡಿದೇ ಇಲ್ಲ.

ಉಕ್ಕಿನಗಾಳ (ದುಬೈ)

ಶಾರ್ಕಿಗೆ ಹೆದರುವವನು ಕೆರೆಯಲ್ಲಿ ಗಾಳ ಹಾಕಲಿ. ಒಮಾನಿ ದೋಣಿಯವರ ಸಹಾಯ ಯಾಕೆ ಕೇಳಲಿಲ್ಲ ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಮೂಡಗಾಳಿ (ಮಸ್ಕತ್)

ಉಕ್ಕಿನಗಾಳರೇ, ಉತ್ತರ ಇದೆ, ಹೇಳಲು ನಾಚಿಕೆ. ರಾಡು ಇನ್ನೊಬ್ಬರ ಕೈಗೆ ಹೋದರೆ ಮೀನು ನನ್ನದಲ್ಲ ಎಂಬ ಭಾವನೆ. ಅಂತರರಾಷ್ಟ್ರೀಯ ದಾಖಲೆಯ ನಿಯಮದಲ್ಲಿಯೂ ಹಾಗೇ ಇದೆಯಲ್ಲ, ಎರಡನೆಯವನು ರಾಡನ್ನೋ ದಾರವನ್ನೋ ಮುಟ್ಟಿದರೆ ಲೆಕ್ಕಕ್ಕಿಲ್ಲ.

ಡ್ರ್ಯಾಗ್ ಐದು ಕಿಲೋ.

ಬೂತಾಯಿಪ್ರಿಯ (ಮಂಗಳೂರು)

2012ರಲ್ಲಿ ಮೆಕ್ಸಿಕೋದ ಕಾಬೊ ಸಾನ್ ಲೂಕಸ್ ಕಡೆ ಸಿಕ್ಕಿ ವಿಶ್ವದಾಖಲೆ ಮಾಡಿದ ಹಳದಿ ರೆಕ್ಕೆಯ ಟ್ಯೂನಾ 193.68 ಕಿಲೋ ಇತ್ತು. ನಿಮ್ಮದು ಅದರ ಕಾಲು ಭಾಗ. ಯಾವ ದಾಖಲೆಗೆ ಹೆದರಿ ರಾಡು ಕೊಡಲಿಲ್ಲ ಸ್ವಾಮಿ?

ಮೂಡಗಾಳಿ (ಮಸ್ಕತ್)

ಕುಂದಾಪುರದವನ ದಾಖಲೆಗೆ.

ಪೇಟೆಮೀನು (ಬೆಂಗಳೂರು)

ನನ್ನದು ದಡ್ಡ ಪ್ರಶ್ನೆ. ಐವತ್ತು ಕಿಲೋ ಮೀನು ನೂರಿಪ್ಪತ್ತು ಕಿಲೋ ಮನುಷ್ಯ ಮತ್ತು ಕಯಾಕನ್ನು ಕಿಲೋಮೀಟರ್‌ಗಟ್ಟಲೆ ಎಳೆಯುವುದು ಹೇಗೆ? ಸ್ವಲ್ಪ ಉಪ್ಪು ಖಾರ ಸೇರಿದೆಯೇ?

ಮೇಷ್ಟ್ರು (ಧಾರವಾಡ)

ಪೇಟೆಮೀನು, ಸೇರಿಲ್ಲ. ನಾನು ಮೀನು ತಿನ್ನುವವನಲ್ಲ, ಹಿಡಿಯುವವನೂ ಅಲ್ಲ, ಆದರೆ ಭೌತಶಾಸ್ತ್ರ ಕಲಿಸಿದವನು. ಮೀನು ಕಯಾಕನ್ನು ಎತ್ತಬೇಕಾಗಿಲ್ಲ, ನೀರಿನ ತಡೆಯನ್ನು ಗೆದ್ದರೆ ಸಾಕು. ರೀಲಿನ ಬ್ರೇಕು ಐದು ಕಿಲೋ ಎಂದರೆ ಸುಮಾರು ಐವತ್ತು ನ್ಯೂಟನ್ ಬಲ. ನುಣುಪಾದ ತೇಲುವ ವಸ್ತುವನ್ನು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಎಳೆಯಲು ಅದು ಧಾರಾಳ. ಲೆಕ್ಕ ಹಾಕಿದರೆ ಕಯಾಕ್ ಎಳೆಯಲು ಮೀನು ಖರ್ಚು ಮಾಡಿದ್ದು ಸುಮಾರು ಎಪ್ಪತ್ತು ವಾಟ್. ಒಂದು ಹಳೆಯ ಬಲ್ಬು ಉರಿಸುವಷ್ಟು.

ಇಲ್ಲಿಯೇ ಒಂದು ತಮಾಷೆಯಿದೆ. ದೊಡ್ಡ ದೋಣಿಯಲ್ಲಿ ನಿಂತವನ ದಾರಕ್ಕೆ ಮೀನಿನ ಪ್ರತಿಯೊಂದು ಜಗ್ಗುವಿಕೆಯೂ ಪೆಟ್ಟಾಗಿ ತಗಲುತ್ತದೆ, ಏಕೆಂದರೆ ದೋಣಿ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಕಯಾಕ್ ತಾನೇ ಮುಂದೆ ಜಾರಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಸಣ್ಣ ದಾರದಲ್ಲಿಯೂ ದೊಡ್ಡ ಮೀನು ನಿಲ್ಲುವುದು ಅದರಿಂದ. ಆದರೆ ಕಯಾಕ್ ಸಲೀಸಾಗಿ ಹಿಂಬಾಲಿಸಿದಷ್ಟೂ ಮೀನಿಗೆ ದಣಿವು ಕಡಿಮೆ. ಅಡ್ಡಕ್ಕೆ ತಿರುಗಿಸಿ ಎಳೆಸಿಕೊಂಡರೆ ತಡೆ ಹೆಚ್ಚಾಗುತ್ತದೆ, ಮೀನು ಬೇಗ ಸೋಲುತ್ತದೆ, ಜೊತೆಗೆ ನೀವು ಮಗುಚುವ ಸಾಧ್ಯತೆಯೂ ಹೆಚ್ಚುತ್ತದೆ. ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲವಲ್ಲ.

ಕೋನಾ ಕನ್ನಡಿಗ (ಹವಾಯಿ)

ಮೇಷ್ಟ್ರೇ, ನೀವು ಮೀನು ಹಿಡಿಯುವುದಿಲ್ಲ ಎಂದರೆ ನಂಬಲಾಗದು! ನಾವು ಅಡ್ಡ ತಿರುಗಿಸುವ ಬದಲು ಹಿಂಭಾಗಕ್ಕೆ ಸಣ್ಣ ಛತ್ರಿಯಂಥ ನೀರಿನ ಪ್ಯಾರಾಚೂಟ್ ಕಟ್ಟಿ ಬಿಡುತ್ತೇವೆ. ಅದೇ ತಡೆ, ಮಗುಚುವ ಭಯವಿಲ್ಲ. ಆದರೆ ಟ್ಯೂನಾ ನೇರ ಕೆಳಗಿಳಿದು ಕೂತರೆ ಯಾವ ಛತ್ರಿಯೂ ಉಪಯೋಗಕ್ಕಿಲ್ಲ. ಆಗ ಬಾವಿಯಿಂದ ನೀರು ಸೇದಿದ ಹಾಗೆ ಸೇದುವುದೊಂದೇ ದಾರಿ.

ಎಲೆಯೂಟ (ಶೃಂಗೇರಿ)

ಎರಡು ಗಂಟೆ ಬಾಯಿಗೆ ಕಬ್ಬಿಣ ಚುಚ್ಚಿ ಎಳೆದಾಡಿ, ಕೊನೆಗೆ ಬಿಟ್ಟಿರೋ ಹಿಡಿದಿರೋ ಎಂಬ ಚರ್ಚೆ. ಮೀನನ್ನು ಯಾರಾದರೂ ಕೇಳಿದಿರಾ?

ಉಕ್ಕಿನಗಾಳ (ದುಬೈ)

ಬಂದರು ನೋಡಿ.

ನೀಲಿಬಲೆ (ಕಾರವಾರ)

ಎಲೆಯೂಟರ ಮಾತನ್ನು ನಕ್ಕು ತಳ್ಳುವಂತಿಲ್ಲ. ನಾನು ಮೀನು ತಿನ್ನುವ ಮನೆಯವಳು, ಕೆಲಸವೂ ಮೀನಿನದೇ. ಯಾರೂ ಕೇಳದ ಪ್ರಶ್ನೆಯೊಂದಿದೆ: ಕತ್ತರಿಸಿದ ಮೇಲೆ ಆ ಮೀನಿನ ಗತಿ ಏನು? ಟ್ಯೂನಾ ಈಜುತ್ತಲೇ ಇರಬೇಕು. ನಿಂತರೆ ಅದರ ಕಿವಿರಿಗೆ ನೀರು ಸಾಲುವುದಿಲ್ಲ. ಹದಿನೈದು ಮೀಟರ್ ದಾರ ಎಳೆದುಕೊಂಡು ಹೋಗುವ ದಣಿದ ಮೀನು ಬದುಕುತ್ತದೆ ಎಂದು ನಾನಂತೂ ಎದೆ ತಟ್ಟಿ ಹೇಳಲಾರೆ. ಬಿಡುವುದೇ ಆದರೆ ದಾರವನ್ನು ಆದಷ್ಟು ಸುತ್ತಿಕೊಂಡು ಗಂಟಿನ ಹತ್ತಿರ ಕತ್ತರಿಸಬೇಕು. ಆಗದಿದ್ದರೆ ರಾಡಿನ ತುದಿಯನ್ನು ನೇರ ಮೀನಿನ ಕಡೆ ಹಿಡಿದು, ರೀಲನ್ನು ಬಿಗಿಹಿಡಿದು, ಗಂಟೇ ತುಂಡಾಗುವಂತೆ ಮಾಡಬೇಕು. ಅದನ್ನು ಕಯಾಕ್‌ನ ಮುಂಭಾಗದಿಂದಲೇ ಮಾಡಬೇಕು, ಪಕ್ಕದಿಂದ ಮಾಡಿದರೆ ನೀವೂ ಮೀನಿನ ಜೊತೆಗೇ.

ಗಾಳ ಯಾವುದು? ಸ್ಟೇನ್‌ಲೆಸ್ ಆಗಿದ್ದರೆ ಅದು ಮೀನಿನ ಬಾಯಿಯಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಮೂಡಗಾಳಿ (ಮಸ್ಕತ್)

ಗುಂಡನೆಯ ಗಾಳ, ಸಾದಾ ಉಕ್ಕು, ತುಕ್ಕು ಹಿಡಿಯುವಂಥದ್ದು. ಬಾಯಿಯ ಮೂಲೆಗೆ ಕಚ್ಚಿತ್ತು, ನುಂಗಿರಲಿಲ್ಲ, ಕಣ್ಣಾರೆ ಕಂಡೆ. ದಾರದ ವಿಷಯದಲ್ಲಿ ನೀವು ಹೇಳಿದ್ದು ನಿಜ ಅಕ್ಕ. ಆ ಹೊತ್ತಿನಲ್ಲಿ ತಲೆ ಓಡಲಿಲ್ಲ.

ಪೇಟೆಮೀನು (ಬೆಂಗಳೂರು)

ಇನ್ನೊಂದು ದಡ್ಡ ಪ್ರಶ್ನೆ. ಗೇದರ್ ಎಂದರೆ ಟ್ಯೂನಾ ಎಂದು ಇವತ್ತೇ ತಿಳಿಯಿತು. ಇದು ಕನ್ನಡವೋ, ತುಳುವೋ?

ನೀಲಿಬಲೆ (ಕಾರವಾರ)

ನಮ್ಮಲ್ಲಿ ಗೇದರ್, ಮರಾಠಿಯವರೂ ಗೇದರ್ ಎನ್ನುತ್ತಾರೆ. ಮಂಗಳೂರಿನ ಕಡೆ ಕೇದರ್. ಆದರೆ ನಮ್ಮ ಬಲೆಗೆ ಹೆಚ್ಚಾಗಿ ಬೀಳುವುದು ಸಣ್ಣ ಜಾತಿಯ ಟ್ಯೂನಾ, ಮೂಡಗಾಳಿಯವರು ಹೇಳುವ ಹಳದಿ ರೆಕ್ಕೆಯದ್ದಲ್ಲ.

ಮೂಡಗಾಳಿ (ಮಸ್ಕತ್)

ಬಂತಲ್ಲ ಒಳ್ಳೆಯ ವಿಷಯ! ಇಲ್ಲಿಯ ಅರಬ್ಬಿಯಲ್ಲಿ ಹಳದಿ ರೆಕ್ಕೆಯ ಟ್ಯೂನಾಕ್ಕೆ ಜೈದರ್ ಎನ್ನುತ್ತಾರೆ. ಮಸ್ಕತ್ ಕಡೆಯವರು ಜಕಾರವನ್ನು ಗಕಾರ ಮಾಡಿ ಹೇಳುವುದರಿಂದ ಮೀನು ಮಾರುಕಟ್ಟೆಯಲ್ಲಿ ನನ್ನ ಕಿವಿಗೆ ಬೀಳುವುದು ಗೈದರ್. ಮೊದಲ ಸಲ ಕೇಳಿದಾಗ ಗಂಗೊಳ್ಳಿ ಬಂದರಿನಲ್ಲಿ ನಿಂತ ಹಾಗಾಯಿತು.

ಬೂತಾಯಿಪ್ರಿಯ (ಮಂಗಳೂರು)

ಹಾಗಾದರೆ ಶಬ್ದ ಅವರಿಂದ ಬಂತೋ, ನಮ್ಮಿಂದ ಹೋಯಿತೋ? ಸಾವಿರಾರು ವರ್ಷದ ಕಡಲ ವ್ಯಾಪಾರ, ಕುದುರೆ ಇಳಿದದ್ದು, ಅಕ್ಕಿ ಏರಿದ್ದು. ಮೀನಿನ ಹೆಸರು ದೋಣಿ ಹತ್ತಿರಲಾರದೇ?

ಮೇಷ್ಟ್ರು (ಧಾರವಾಡ)

ಹತ್ತಿರಬಹುದು, ಹತ್ತದೆಯೂ ಇರಬಹುದು. ಕಿವಿಗೆ ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ಎರಡು ಶಬ್ದಗಳನ್ನು ನೆಂಟರನ್ನಾಗಿ ಮಾಡಬೇಡಿ. ಕುದುರೆಯ ಮಾತು ಬೇರೆ, ಅದಕ್ಕೆ ದಾಖಲೆ ಇದೆ.

ಉಕ್ಕಿನಗಾಳ (ದುಬೈ)

ಇವರಿಗೆ ಮೀನು ತಪ್ಪಿಹೋದ ದುಃಖ, ನಿಮಗೆ ವ್ಯುತ್ಪತ್ತಿಯ ಚಿಂತೆ.

ಸೀಗಡಿಚಟ್ನಿ (ಹೊನ್ನಾವರ)

ನಿಜವಾದ ದುಃಖ ಹೇಳಲೇ? ಆ ಮೀನು ಸಿಕ್ಕಿದ್ದರೂ ತಿನ್ನಲು ಚೆನ್ನಾಗಿರುತ್ತಿರಲಿಲ್ಲ. ನಾನು ಎಂಟು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದವನು. ಟ್ಯೂನಾ ಬಿಸಿ ಮೈಯ ಮೀನು. ಅದರ ಸ್ನಾಯು ಸುತ್ತಲಿನ ನೀರಿಗಿಂತ ಬಿಸಿಯಾಗಿರುತ್ತದೆ. ಗಂಟೆಗಟ್ಟಲೆ ಸೆಣಸಿದರೆ ಒಳಗೊಳಗೇ ಬೆಂದಂತಾಗಿ ಮಾಂಸ ಬಿಳಿಚಿಕೊಂಡು ಹುಳಿಯಾಗುತ್ತದೆ. ಜಪಾನಿನವರು ಅದಕ್ಕೆ ಯಕೆ ಎನ್ನುತ್ತಾರೆ.

ಬೂತಾಯಿಪ್ರಿಯ (ಮಂಗಳೂರು)

ಯಾಕೆ?

ಸೀಗಡಿಚಟ್ನಿ (ಹೊನ್ನಾವರ)

ಹೌದು, ಯಕೆ.

ಬೂತಾಯಿಪ್ರಿಯ (ಮಂಗಳೂರು)

ಯಾಕೆ ಎಂದು ಕೇಳಿದೆ ಮಾರಾಯರೇ!

ಸೀಗಡಿಚಟ್ನಿ (ಹೊನ್ನಾವರ)

ಸುಟ್ಟದ್ದು ಎಂಬ ಅರ್ಥಕ್ಕೆ. ಈ ತಮಾಷೆಗಾಗಿಯೇ ಬರೆದೆ ಎಂದುಕೊಳ್ಳಿ. ತಮಾಷೆಯಲ್ಲದ್ದೂ ಒಂದಿದೆ: ಗೇದರ್, ಬಂಗುಡೆ, ಅಂಜಲ್ ಎಲ್ಲ ಒಂದೇ ಕುಲ. ಹಿಡಿದ ಮೇಲೆ ಬಿಸಿಲಲ್ಲಿ ಬಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ಮೈಯೆಲ್ಲ ದದ್ದು ಏಳುವುದನ್ನು ಹಡಗಿನಲ್ಲಿ ಒಮ್ಮೆ ನೋಡಿದ್ದೇನೆ. ಮೂಡಗಾಳಿಯವರೇ, ಕಯಾಕ್‌ನಲ್ಲಿ ಐವತ್ತು ಕಿಲೋ ಮೀನು ಮುಚ್ಚುವಷ್ಟು ಮಂಜುಗಡ್ಡೆ ಇತ್ತೇ?

ಮೂಡಗಾಳಿ (ಮಸ್ಕತ್)

ಇದ್ದದ್ದು ಎರಡು ಬಾಟಲಿ ಹೆಪ್ಪುಗಟ್ಟಿಸಿದ ನೀರು ಮತ್ತು ಒಂದು ಡಬ್ಬಿ ಮಜ್ಜಿಗೆ.

ಸೀಗಡಿಚಟ್ನಿ (ಹೊನ್ನಾವರ)

ಹಾಗಾದರೆ ಕತ್ತರಿಸಿದ್ದೇ ಲೇಸು. ಮಸ್ಕತ್ತಿನ ಅರ್ಧ ಕನ್ನಡ ಸಂಘಕ್ಕೆ ದದ್ದು ಏಳುವುದು ತಪ್ಪಿತು.

ಚಾರಣಿಗ (ಮೈಸೂರು)

ನನಗೆ ನೇರ ಉಪಯೋಗದ ಮಾಹಿತಿ ಬೇಕು. ಇದನ್ನೆಲ್ಲ ನಮ್ಮ ಕರಾವಳಿಯಲ್ಲಿ ಮಾಡಬಹುದೇ? ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ ಕಾಡಿನ ಮಧ್ಯೆ ಎರಡು ಸಲ ಕಯಾಕ್ ನಡೆಸಿದ್ದೇನೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕಯಾಕ್‌ನಲ್ಲಿ ಹೋಗಿ ಗಾಳ ಹಾಕಿದರೆ ಹೇಗೆ?

ನೀಲಿಬಲೆ (ಕಾರವಾರ)

ಚಾರಣಿಗರೇ, ದಮ್ಮಯ್ಯ ಬೇಡ. ಕಾಂಡ್ಲಾ ಕಾಡಿನ ಹಿನ್ನೀರು ಬೇರೆ, ಕಡಲು ಬೇರೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಹೋಗುವಾಗ ಬೆಳಗಿನ ಮೂಡುಗಾಳಿ ಬೆನ್ನಿಗೆ ಇರುತ್ತದೆ, ಎಷ್ಟು ಸುಲಭ ಎನಿಸುತ್ತದೆ. ಆ ಸುಲಭವೇ ಮೋಸ. ಪಡುಗಾಳಿ ತಡವಾಗಿ ಎದ್ದ ದಿನ ನೀವು ಎಲ್ಲಿರುತ್ತೀರೋ. ಅಲ್ಲಿ ನೌಕಾಪಡೆಯ ಅಭ್ಯಾಸವೂ ನಡೆಯುತ್ತದೆ.

ಗಾಳ ಹಾಕಲೇಬೇಕೆಂದರೆ ನವೆಂಬರಿನಿಂದ ಫೆಬ್ರವರಿಯೊಳಗೆ, ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಕಲ್ಲುಬಂಡೆಗಳ ಸುತ್ತ, ಊರಿನ ಮೀನುಗಾರರೊಬ್ಬರನ್ನು ಕೇಳಿಕೊಂಡು. ಕೋಡಿಯಂಥ ಅಳಿವೆ ಬಾಯಿಯಲ್ಲಿ ಇಳಿತದ ಹೊತ್ತಿಗೆ ಹೊರಡಬೇಡಿ, ನೀರು ನಿಮ್ಮನ್ನು ಕೇಳದೆ ಹೊರಗೆ ಒಯ್ಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಕಯಾಕ್‌ಗೆ ಯಂತ್ರವಿಲ್ಲವಲ್ಲ ಎಂದು ವಾದಿಸುವ ಜಾಣರಿದ್ದಾರೆ, ಅವರಿಗೆ ಆಷಾಢದ ಅಲೆಯೇ ಉತ್ತರ ಹೇಳುತ್ತದೆ.

ಮೂಡಗಾಳಿ (ಮಸ್ಕತ್)

ಇಲ್ಲಿಯೂ ನಿಷೇಧ ಇದೆ. ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವಂತಿಲ್ಲ. ಇವರು ಅದಕ್ಕೆ ಕನದ್ ಎನ್ನುತ್ತಾರೆ.

ಬೂತಾಯಿಪ್ರಿಯ (ಮಂಗಳೂರು)

ಎರಡು ತಿಂಗಳು ಅಂಜಲ್ ಇಲ್ಲದೆ ಬದುಕುವುದು ಹೇಗೆ?

ಕಡಲಸೊಸೆ (ಸೊಹಾರ್)

ಇಷ್ಟೊಂದು ಮಂದಿ ಮಾತನಾಡಿದಿರಿ, ದಡದಲ್ಲಿ ಕಾಯುವವರ ಲೆಕ್ಕ ಯಾರೂ ಹಿಡಿಯಲಿಲ್ಲ. ನನ್ನ ಯಜಮಾನರೂ ಕಯಾಕ್ ಹುಚ್ಚಿನವರೇ. ಎರಡು ವರ್ಷದ ಹಿಂದೆ ಹನ್ನೊಂದಕ್ಕೆ ಬರುತ್ತೇನೆ ಎಂದವರು ಮೂರೂವರೆಗೆ ಬಂದರು. ಅನ್ನ ಬಸಿದ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಚೀಟಿ ಇದೆ. ಎಲ್ಲಿಂದ ಇಳಿಯುತ್ತಾರೆ, ಕಯಾಕ್ ಬಣ್ಣ ಯಾವುದು, ಎಷ್ಟು ಗಂಟೆಗೆ ದಡ, ಎಲ್ಲವನ್ನೂ ಬರೆದು ಫ್ರಿಜ್ಜಿಗೆ ಅಂಟಿಸಿಯೇ ಹೊರಡಬೇಕು. ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೀರಿದರೆ ನಾನು ಯೋಚನೆ ಮಾಡದೆ ಇಲ್ಲಿನ ತುರ್ತು ಸಂಖ್ಯೆ 9999ಕ್ಕೆ ಕರೆ ಮಾಡುತ್ತೇನೆ. ಒಮ್ಮೆ ಮಾಡಿಯೂಬಿಟ್ಟೆ. ಅವರು ದಡದಲ್ಲಿ ಕೂತು ಯಾರೊಂದಿಗೋ ಹರಟುತ್ತಿದ್ದರು. ಮರ್ಯಾದೆ ಹೋಯಿತು ಎಂದರು. ಹೋಗಲಿ ಎಂದೆ.

ಮೂಡಗಾಳಿಯವರೇ, ಒಂದೂವರೆಗೆ ದಡ ಮುಟ್ಟಿದಿರಲ್ಲ, ಮನೆಯಲ್ಲಿ ಎಷ್ಟು ಗಂಟೆ ಹೇಳಿ ಹೋಗಿದ್ದಿರಿ?

ಮೂಡಗಾಳಿ (ಮಸ್ಕತ್)

ಹನ್ನೊಂದು.

ಕಡಲಸೊಸೆ (ಸೊಹಾರ್)

ಇನ್ನು ನಾನು ಏನೂ ಹೇಳುವುದಿಲ್ಲ. ಅವರು ಹೇಳಿರುತ್ತಾರೆ.

ಮೂಡಗಾಳಿ (ಮಸ್ಕತ್)

ಹೇಳಿದ್ದಾರೆ. ಇನ್ನೂ ಹೇಳುತ್ತಿದ್ದಾರೆ.

ಹಳೆಪಾತಿ (ಗಂಗೊಳ್ಳಿ)

ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು. ನಾನು ಹೇಳುವುದನ್ನು ಅವಳೇ ಬರೆಯುತ್ತಿದ್ದಾಳೆ. ತಪ್ಪಿದ್ದರೆ ಅವಳದ್ದು.

ನನಗೆ ಎಪ್ಪತ್ತೆಂಟು. ಯಂತ್ರ ಬರುವ ಮೊದಲು ಪಾತಿ ದೋಣಿಯಲ್ಲಿ ಹೋಗುತ್ತಿದ್ದವರು ನಾವು. ನೀವು ಈಗ ಕಯಾಕ್ ಎಂದು ಹಣ ಕೊಟ್ಟು ಕೊಳ್ಳುವುದು ನಮಗೆ ಬಡತನವಾಗಿತ್ತು. ಒಬ್ಬ ಕೂರುವಷ್ಟು ದೋಣಿ, ಒಂದು ಹುಟ್ಟು, ಕೈಗೆ ಸುತ್ತಿದ ಗಾಳದ ದಾರ. ರಾಡಿಲ್ಲ, ರೀಲಿಲ್ಲ, ಬ್ರೇಕು ಎಂದರೆ ಅಂಗೈಯ ಚರ್ಮ. ನನ್ನ ಬಲಗೈಯ ತೋರುಬೆರಳಿನಲ್ಲಿ ಈಗಲೂ ದಾರ ಹೋದ ಗೆರೆ ಇದೆ, ಮೊಮ್ಮಗಳು ಅದನ್ನು ನೋಡಿ ನಗುತ್ತಾಳೆ.

ದೊಡ್ಡ ಮೀನು ನಮ್ಮನ್ನೂ ಎಳೆದದ್ದಿದೆ. ಅಂಜಲ್ ಎಳೆಯುವುದಿಲ್ಲ, ಅದು ಕೋಪಿಷ್ಠ, ಒಂದು ಓಟ ಓಡಿ ದಾರ ಕಚ್ಚಿ ಹೋಗುತ್ತದೆ. ಗೇದರ್ ಎಳೆಯುತ್ತದೆ. ತಾಟೆ ಎಳೆಯುತ್ತದೆ. ಒಮ್ಮೆ ನನ್ನ ಭಾವ ಮೀನು ಬಿಡದೆ ಹೋಗಿ, ಮರುದಿನ ಮಧ್ಯಾಹ್ನ ಭಟ್ಕಳದ ದಡದಲ್ಲಿ ಸಿಕ್ಕಿದ. ಮೀನು ಇರಲಿಲ್ಲ, ದೋಣಿಯೂ ಇರಲಿಲ್ಲ. ಆಮೇಲೆ ಅವನು ಕಡಲಿಗೆ ಇಳಿಯಲೇ ಇಲ್ಲ, ಬೀಡಿ ಅಂಗಡಿ ಇಟ್ಟ.

ಈಗ ನಿನ್ನ ಪ್ರಶ್ನೆ. ಕತ್ತರಿಸಿದ್ದು ತಪ್ಪೋ ಸರಿಯೋ ಎಂದು ಇವರೆಲ್ಲ ಮೂರು ದಿನದಿಂದ ಜಗಳವಾಡುತ್ತಿದ್ದಾರೆ. ನಾನು ಅದನ್ನು ಕೇಳುವುದಿಲ್ಲ. ಎದುರಿನ ದೋಣಿಯ ಮುದುಕ ಮೀನನ್ನು ನೋಡದೆ ಗುಡ್ಡವನ್ನು ನೋಡಿದ, ನೀನು ಅವನ ಮಾತು ಕೇಳಿದೆ, ಅಲ್ಲಿಗೆ ಅದು ಮುಗಿಯಿತು. ನಾನು ಕೇಳುವುದು ಬೇರೆ. ನೀನೇ ಬರೆದಿದ್ದೀಯ, ಚಾಕು ಒರೆಯಲ್ಲಿ ತುಕ್ಕು ಹಿಡಿದು ಕೂತಿತ್ತು ಎಂದು. ಎರಡು ಮೂರು ಸಲ ಎಳೆಯಬೇಕಾಯಿತು ಎಂದು. ಅದನ್ನು ದಾರಿಯಲ್ಲಿ ಕಲ್ಲು ಸಿಕ್ಕಿತು ಎನ್ನುವ ಹಾಗೆ ಹೇಳಿ ಮುಂದೆ ಹೋಗಿದ್ದೀಯ. ಮೊಮ್ಮಗಳು ಓದುವಾಗ ನಾನು ಅಲ್ಲಿಯೇ ನಿಲ್ಲಿಸಿ ಎರಡನೇ ಸಲ ಓದಿಸಿದೆ.

ದಾರ ಕಾಲಿಗೆ ಸುತ್ತಿಕೊಂಡಿದ್ದರೆ? ದೋಣಿ ಮಗುಚಿ ನೀನು ಒಂದು ಕಡೆ, ರಾಡು ಒಂದು ಕಡೆ, ಮೀನು ಕೆಳಗೆ ಹೊರಟಿದ್ದರೆ? ಆಗ ಎರಡು ಮೂರು ಸಲ ಎಳೆಯಲು ಯಾರು ಬಿಡುತ್ತಾರೆ? ಚಾಕು ಎಲ್ಲಿತ್ತು, ಕಾಲ ಬುಡದ ಪೆಟ್ಟಿಗೆಯಲ್ಲೋ, ಮೈಮೇಲೋ?

ಮೂಡಗಾಳಿ (ಮಸ್ಕತ್)

ಅಜ್ಜಯ್ಯ, ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿತ್ತು.

ಉಕ್ಕಿನಗಾಳ (ದುಬೈ)

ನಾನು ಈಗಷ್ಟೇ ಎದ್ದು ಹೋಗಿ ನನ್ನ ಚಾಕು ನೋಡಿ ಬಂದೆ. ಅದರ ಸ್ಥಿತಿಯನ್ನು ಇಲ್ಲಿ ಬರೆಯುವುದಿಲ್ಲ.

ಕೋನಾ ಕನ್ನಡಿಗ (ಹವಾಯಿ)

ಲೈಫ್ ಜಾಕೆಟ್ಟಿನ ಎದೆಗೆ, ಎರಡೂ ಕೈಗೆ ಸಿಗುವಂತೆ, ತಲೆಕೆಳಗಾದರೂ ಬೀಳದ ಹಾಗೆ. ಅಜ್ಜಯ್ಯ ಹೇಳಿದ ಮೇಲೆ ನಾನು ಸೇರಿಸುವುದು ಇಷ್ಟೇ: ರಾಡಿಗೆ, ಹುಟ್ಟಿಗೆ, ಪೆಟ್ಟಿಗೆಗೆ ಎಲ್ಲಕ್ಕೂ ಹಗ್ಗ ಕಟ್ಟಿಕೊಂಡಿರುತ್ತೇವೆ, ಮಗುಚಿದಾಗ ಆ ಹಗ್ಗಗಳೇ ಬಲೆಯಾಗುತ್ತವೆ. ಚಾಕು ಮೀನಿಗಾಗಿ ಅಲ್ಲ.

ಪೇಟೆಮೀನು (ಬೆಂಗಳೂರು)

ಅಜ್ಜಯ್ಯ, ಭಾವನ ಕಥೆಯನ್ನು ಪೂರ್ತಿ ಹೇಳಿ. ಭಟ್ಕಳಕ್ಕೆ ಹೇಗೆ ಮುಟ್ಟಿದರು?

ಹಳೆಪಾತಿ (ಗಂಗೊಳ್ಳಿ)

ಅಜ್ಜ ಮಲಗಿದರು. ನಾನು ಮೊಮ್ಮಗಳು. ಆ ಕಥೆಯನ್ನು ಅವರು ಪ್ರತಿ ಸಲವೂ ಬೇರೆ ಬೇರೆಯಾಗಿ ಹೇಳುತ್ತಾರೆ. ಒಂದು ಸಲ ಭಾವ ಈಜಿಕೊಂಡು ಬಂದರು, ಇನ್ನೊಂದು ಸಲ ರಂಪಣಿ ಬಲೆಯವರು ಎಳೆದು ಹಾಕಿದರು. ಬೀಡಿ ಅಂಗಡಿ ಮಾತ್ರ ನಿಜ, ನಾನು ಅಲ್ಲಿ ಪೆಪ್ಪರಮಿಂಟು ತಿಂದಿದ್ದೇನೆ.

ಎಲೆಯೂಟ (ಶೃಂಗೇರಿ)

ಮೀನಿನ ಪರವಾಗಿ ಮಾತನಾಡಲು ಬಂದವನು ಅಜ್ಜನ ಕಥೆಗಾಗಿ ಇಲ್ಲಿಯೇ ಉಳಿದುಬಿಟ್ಟೆ.

ಮೂಡಗಾಳಿ (ಮಸ್ಕತ್)

ಎಲ್ಲರಿಗೂ ಕೃತಜ್ಞತೆ. ನಾಳೆ ಶುಕ್ರವಾರ, ಗೆಳೆಯನೂ ಬರುತ್ತಿದ್ದಾನೆ, ಮಗುವಿನ ಜ್ವರ ಬಿಟ್ಟಿದೆ. ಫ್ರಿಜ್ಜಿಗೆ ಚೀಟಿ ಅಂಟಿಸಿದ್ದೇನೆ. ಮನೆಯವಳು ಹನ್ನೊಂದನ್ನು ಹೊಡೆದುಹಾಕಿ ಹತ್ತು ಎಂದು ಬರೆದಿದ್ದಾಳೆ. ಗಾಳಿಯ ಮುನ್ಸೂಚನೆ ಚೆನ್ನಾಗಿದೆ. ಹೊಸ ಚಾಕು ತಂದಿದ್ದೇನೆ, ಜಾಕೆಟ್ಟಿನ ಎದೆಗೆ ಕಟ್ಟಿದ್ದೇನೆ.

ಸೀಗಡಿಚಟ್ನಿ (ಹೊನ್ನಾವರ)

ಮಂಜುಗಡ್ಡೆ?

ಮೂಡಗಾಳಿ (ಮಸ್ಕತ್)

ಒಂದು ಚೀಲ.

ಹಳೆಪಾತಿ (ಗಂಗೊಳ್ಳಿ)

ಅಜ್ಜ ಎದ್ದರು. ಹೊಸ ಚಾಕುವಿಗೂ ಒಂದೇ ದಿನದ ಉಪ್ಪು ಸಾಕಂತೆ, ತೆಂಗಿನೆಣ್ಣೆ ಹಚ್ಚಿದ್ದೀರಾ ಎಂದು ಕೇಳುತ್ತಿದ್ದಾರೆ.